ಸಹಾರಾದ ಗಿಡಮರ ನೋಡೋಕೆ: ಹೊಗ್ಗಾರೋ, ತಸ್ಸಿಲಿಯೋ?

ಎರಡೂ ಅಲ್ಜೀರಿಯಾದ ದಕ್ಷಿಣದ ಬೆಟ್ಟಸೀಮೆಗಳು, ಎರಡೂ ಸಹಾರಾದ ಬುಡಕಟ್ಟಾದ ತುಆರೆಗ್ ಜನರ ನೆಲ. ಆದರೆ ಕಲ್ಲೇ ಬೇರೆ.

ಹೊಗ್ಗಾರ್‌ನ ನಡುಭಾಗ ಜ್ವಾಲಾಮುಖಿಗಳದ್ದು. ಕೊಳವೆಯೊಳಗೇ ಗಟ್ಟಿಯಾದ ಲಾವಾ ಉಳಿದು, ಸುತ್ತಲಿನ ಕಲ್ಲು ಸವೆದು, ಕಂಬದಂಥ ಶಿಖರಗಳಾಗಿವೆ. ತಹಾತ್ ಶಿಖರ ಸುಮಾರು 2,900 ಮೀಟರ್, ದೇಶದಲ್ಲೇ ಎತ್ತರ. ಕಣಿವೆಗಳಲ್ಲಿ ಜಾಲಿ, ಮೇಲಕ್ಕೆ ಹೋದರೆ ಲ್ಯಾಪೆರಿನ್ ಆಲಿವ್ ಎಂಬ ಕಾಡು ಆಲಿವ್ ಮರ. ಈ ಆಲಿವ್‌ಗೆ ಬೀಜದಿಂದ ಹೊಸ ಸಸಿ ಹುಟ್ಟೋದು ಬಲು ಅಪರೂಪ. ಹಳೆಯ ಬುಡದಿಂದಲೇ ಮತ್ತೆ ಚಿಗುರಿ ಬದುಕುತ್ತದೆ.

ತಸ್ಸಿಲಿ ನಾಜೆರ್ ಮರಳುಗಲ್ಲಿನ ಪ್ರಸ್ಥಭೂಮಿ. ಎತ್ತರ ಕಡಿಮೆ, ಆದರೆ ಬಿರುಕುಗಳು, ಇಕ್ಕಟ್ಟಾದ ಕಣಿವೆಗಳು ಜಾಸ್ತಿ. ಅಪರೂಪಕ್ಕೆ ಬೀಳುವ ಮಳೆಯ ನೀರು ಆ ಸಂದುಗಳ ನೆರಳಲ್ಲಿ ಬೇಗ ಆರುವುದಿಲ್ಲ. ಅಲ್ಲೇ ಸಹಾರಾ ಸೈಪ್ರಸ್ ಎಂಬ ಮರ ಇದೆ. ಪ್ರಪಂಚದಲ್ಲಿ ಬೇರೆಲ್ಲೂ ತಾನಾಗಿ ಬೆಳೆಯದ ಮರ, ಉಳಿದಿರುವುದು 200ರ ಚಿಲ್ಲರೆ. ತಿರುಚಿಕೊಂಡ ದಪ್ಪ ಬೊಡ್ಡೆ, ಸೀಳುಬಿಟ್ಟ ತೊಗಟೆ. ಕೆಲವಕ್ಕೆ 2,000 ವರ್ಷ ದಾಟಿದೆ ಅಂತ ಅಂದಾಜು. ಇನ್ನೊಂದು ಸೋಜಿಗ: ಇದರ ಬೀಜದೊಳಗಿನ ಭ್ರೂಣ ಬರೀ ಪರಾಗದಿಂದಲೇ ಬೆಳೆಯುತ್ತದೆ, ತಾಯಿಮರ ಪೋಷಣೆ ಮಾತ್ರ ಕೊಡುತ್ತದೆ. ಇದು ಗೊತ್ತಾಗಿದ್ದು 2001ರಲ್ಲಿ. ಜೊತೆಗೆ ಇಲ್ಲಿನ ಬಂಡೆಗಳ ಮೇಲೆ 15,000ಕ್ಕೂ ಹೆಚ್ಚು ಚಿತ್ರಗಳು, ಕೆತ್ತನೆಗಳಿವೆ. ಇಲ್ಲಿ ಹಸಿರಿದ್ದ ಕಾಲದ ದನದ ಹಿಂಡುಗಳನ್ನೂ ಅವುಗಳಲ್ಲಿ ನೋಡಬಹುದು.

ಓಡಾಟದ ಮಾತು ಬಂದರೆ ಹೊಗ್ಗಾರ್ ಸುಲಭ. ತಮನ್ರಾಸೆತ್ ಊರಿನಿಂದ ಬೆಟ್ಟದ ಮೇಲಿನ ಅಸ್ಸೆಕ್ರೆಮ್‌ವರೆಗೆ ಜೀಪು ಹೋಗುತ್ತದೆ. ತಸ್ಸಿಲಿಗೆ ಜಾನೆಟ್ ಊರಿನಿಂದ ನಡೆದೇ ಹತ್ತಬೇಕು, ಸಾಮಾನು ಕತ್ತೆಯ ಮೇಲೆ. ಮಂಡಿನೋವಿದ್ದವರು ಹೊಗ್ಗಾರ್ ಆರಿಸಿಕೊಳ್ಳಿ. ನಡೆಯುವ ಶಕ್ತಿ ಇದ್ದರೆ ಎರಡನೇ ಯೋಚನೆ ಬೇಡ, ತಸ್ಸಿಲಿಗೇ ಹೋಗಿ. ಚಳಿಗಾಲವೇ ಒಳ್ಳೆಯದು, ರಾತ್ರಿಗೆ ದಪ್ಪ ಸ್ವೆಟರ್ ಇರಲಿ.