ಪೇಸ್‌ಮೇಕರ್ ಜೊತೆ 6 ವರ್ಷ: 5ಕ್ಕೆ 4 ಸ್ಟಾರ್

ನನ್ನ ಎಡ ಹೆಗಲ ಕೆಳಗೆ, ಚರ್ಮದ ಅಡಿಯಲ್ಲಿ ಪೇಸ್‌ಮೇಕರ್ ಕೂತು 6 ವರ್ಷ ಆಯಿತು. ಬೆಂಕಿಪೊಟ್ಟಣದಷ್ಟಿದೆ, ಆದರೆ ಅದಕ್ಕಿಂತ ತೆಳ್ಳಗೆ. ಬೆರಳಿಟ್ಟರೆ ಅಂಚು ಸಿಗುತ್ತದೆ. ಮೊದಲೆಲ್ಲ ಎದೆಬಡಿತ ನಿಮಿಷಕ್ಕೆ 38ಕ್ಕೆ ಇಳಿದು, ನಿಂತಲ್ಲೇ ಕಣ್ಣು ಕತ್ತಲೆ ಬಂದು ಬೀಳುತ್ತಿದ್ದೆ. ಹಾಕಿಸಿದ ಮೇಲೆ ಒಂದು ಸಲವೂ ಬಿದ್ದಿಲ್ಲ. ನಾಲ್ಕು ಸ್ಟಾರ್ ಅದಕ್ಕೇ.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಸೈಕಲ್‌ನಿಂದಾಗಿ. ಮೆಟ್ಟಿಲು ಹತ್ತುವಾಗ ಮೈ ಅಲುಗುತ್ತದೆ, ಒಳಗಿನ ಸೆನ್ಸರ್‌ಗೆ ಅದು ಗೊತ್ತಾಗಿ ಬಡಿತ ಏರಿಸುತ್ತದೆ. ಸೈಕಲ್ ತುಳಿಯುವಾಗ ದುಡಿಯುವುದು ಕಾಲು, ಎದೆ ಅಷ್ಟಾಗಿ ಅಲುಗುವುದಿಲ್ಲ ಅಲ್ವಾ, ಹಾಗಾಗಿ ನಾನು ಸುಮ್ನೆ ಕೂತಿದ್ದೇನೆ ಅಂತಲೇ ಅದರ ಲೆಕ್ಕ. ಏರು ಬಂದರೆ ಅರ್ಧಕ್ಕೇ ಇಳಿದು ತಳ್ಳಬೇಕು. ಚೆಕಪ್‌ನಲ್ಲಿ ಸೆಟ್ಟಿಂಗ್ ಬದಲಾಯಿಸಿಕೊಟ್ಟರು, ಈಗ ಸ್ವಲ್ಪ ವಾಸಿ.

ಈ ಕಾರಣಕ್ಕೇ ಜೈವಿಕ ಪೇಸ್‌ಮೇಕರ್ (ಯಂತ್ರದ ಬದಲು ಹೃದಯದ ಕೋಶಗಳಿಂದಲೇ ಬಡಿತ ಹುಟ್ಟಿಸುವ ವಿಧಾನ) ಬಗ್ಗೆ ಕೈಗೆ ಸಿಕ್ಕಿದ್ದೆಲ್ಲ ಓದುತ್ತೇನೆ. 2014ರಲ್ಲಿ ಲಾಸ್ ಏಂಜಲೀಸ್‌ನ ಸೀಡರ್ಸ್-ಸೈನಾಯ್ ಆಸ್ಪತ್ರೆಯಲ್ಲಿ ಎಡ್ವಾರ್ಡೊ ಮಾರ್ಬಾನ್ ಅವರ ತಂಡ ಹಾರ್ಟ್ ಬ್ಲಾಕ್ ಇದ್ದ ಹಂದಿಗಳ ಮೇಲೆ ಪ್ರಯೋಗ ಮಾಡಿತು (ರಕ್ತನಾಳದ ಬ್ಲಾಕ್ ಅಲ್ಲ, ಬಡಿತದ ಸಿಗ್ನಲ್ ದಾರಿಯಲ್ಲೇ ಕಟ್ಟಾಗುವುದು). ಟಿಬಿಎಕ್ಸ್18 ಅನ್ನುವ ಜೀನ್ ಅನ್ನು ವೈರಸ್‌ನೊಳಗೆ ಸೇರಿಸಿ, ಕತೀಟರ್ (ರಕ್ತನಾಳದೊಳಗೆ ತೂರಿಸುವ ತೆಳು ಕೊಳವೆ) ಮೂಲಕ ಹೃದಯದ ಒಂದು ಚಿಕ್ಕ ಜಾಗಕ್ಕೆ ಬಿಟ್ಟರು. ಕೆಲವೇ ದಿನಗಳಲ್ಲಿ ಅಲ್ಲಿನ ಮಾಮೂಲಿ ಸ್ನಾಯು ಕೋಶಗಳು ತಾವೇ ಬಡಿತ ಹುಟ್ಟಿಸತೊಡಗಿದವು. ಹಂದಿ ಓಡಾಡಿದಾಗ ಬಡಿತ ತಾನಾಗಿ ಏರಿತು! ಈ ಸಾಲು ಓದಿದಾಗ ನನಗೆ ನೆನಪಾದದ್ದು ಆ ಏರುದಾರಿ. ಜೀವಂತ ಕೋಶ ನರಗಳ ಮಾತು ಕೇಳುತ್ತದೆ, ನನ್ನ ಯಂತ್ರ ಅಲುಗಾಟ ನೋಡಿ ಅಂದಾಜು ಮಾಡುತ್ತದೆ.

ಆದರೆ ಆ ಪ್ರಯೋಗ ನಡೆದಿದ್ದು 2 ವಾರ ಮಾತ್ರ. ಅಂಥ ವೈರಸ್ ಅನ್ನು ಮೈ ಜಾಸ್ತಿ ದಿನ ಉಳಿಸಿಕೊಳ್ಳುವುದಿಲ್ಲ. ಯಂತ್ರದಿಂದ ಹೃದಯಕ್ಕೆ ಹೋಗುವ ವೈರ್‌ಗೆ ಸೋಂಕು ತಗಲಿ ಪೇಸ್‌ಮೇಕರ್ ತೆಗೆಸಿದವರಿಗೆ, ಹೊಸದು ಹಾಕುವವರೆಗಿನ ದಿನಗಳನ್ನು ದಾಟಿಸಲು ಇದು ಮೊದಲು ಬರಬಹುದು ಅನ್ನುವುದು ಆ ತಂಡದ ಯೋಚನೆಯಾಗಿತ್ತು. ಅದೇ ವರ್ಷ ಬೇರೊಂದು ಪ್ರಯೋಗದಲ್ಲಿ, ಸ್ಟೆಮ್ ಸೆಲ್‌ನಿಂದ (ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲ ಕೋಶ) ಬೆಳೆಸಿದ ಹೃದಯ ಕೋಶಗಳನ್ನು ಮಂಗಗಳ ಪೆಟ್ಟು ಬಿದ್ದ ಹೃದಯಕ್ಕೆ ಕೊಟ್ಟಾಗ ಬಡಿತ ಅಡ್ಡಾದಿಡ್ಡಿಯಾಯಿತು. ಸ್ಟೆಮ್ ಸೆಲ್ ಹಾಕಿ ಬಡಿತ ಸರಿ ಮಾಡುತ್ತೇವೆ ಅಂತ ದುಡ್ಡು ಕೇಳುವವರ ಹತ್ತಿರ ದಯವಿಟ್ಟು ಹೋಗಬೇಡಿ.

ನನ್ನ ಬ್ಯಾಟರಿ ಇನ್ನು 3 ವರ್ಷ ಬರುತ್ತದಂತೆ. ಆಮೇಲೆ ಮತ್ತೆ ಯಂತ್ರವೇ. ಉಸಿರಾಟ ಗಮನಿಸಿ ಬಡಿತ ಏರಿಸುವ ಸೆನ್ಸರ್ ಇರುವ ಮಾಡೆಲ್‌ಗಳೂ ಇವೆ, ಈ ಸಲ ಅದನ್ನೇ ಕೇಳುತ್ತೇನೆ.