ಇ-ಸಂಜೀವನಿ ವಿಡಿಯೋ ಒಪಿಡಿ: ಕೊಟ್ಟಿಗೆಹಾರದಿಂದ ಐದು ವರ್ಷದ ಬಳಕೆ

2020ರ ಜುಲೈ. ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದ ಕಡೆ ಮಳೆ ಹಿಡಿದರೆ ಬಿಡುವ ಮಾತೇ ಇಲ್ಲ. ಅತ್ತೆಯವರಿಗೆ ಬಿಪಿ, ಶುಗರ್ ಎರಡೂ ಇದೆ. ಮಾತ್ರೆ ಮುಗಿಯುತ್ತಾ ಬಂದಿತ್ತು, ಚೀಟಿ ಹಳೆಯದು. ಮೂಡಿಗೆರೆಗೆ ಕರೆದುಕೊಂಡು ಹೋಗಲು ಕೊರೊನಾ ಭಯ. ಆಗ ಮಗಳು ನನ್ನ ಫೋನಿನಲ್ಲಿ ಇ-ಸಂಜೀವನಿ ಹಾಕಿಕೊಟ್ಟಳು. ಅವತ್ತಿನಿಂದ ಇವತ್ತಿನವರೆಗೂ ಬಳಸುತ್ತಿದ್ದೇನೆ.

ಇದು ಕೇಂದ್ರ ಸರ್ಕಾರದ ಸೇವೆ, ದುಡ್ಡಿಲ್ಲ. ಸರ್ಕಾರದ್ದೇ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನ ಮೊಹಾಲಿ ಕೇಂದ್ರದವರು ಮಾಡಿದ್ದು. ಮನೆಯಿಂದಲೇ ಡಾಕ್ಟರ ಹತ್ತಿರ ಮಾತಾಡುವ ಒಪಿಡಿ ಶುರುವಾಗಿದ್ದು 2020ರ ಏಪ್ರಿಲ್ 13ಕ್ಕೆ, ಲಾಕ್‌ಡೌನ್ ಬಂದು ಮೂರು ವಾರವೂ ಆಗಿರಲಿಲ್ಲ. ಮೊಬೈಲ್ ನಂಬರ್ ಕೊಟ್ಟರೆ ಒಟಿಪಿ, ಆಮೇಲೆ ಟೋಕನ್. ಸರದಿ ಬಂದಾಗ ವಿಡಿಯೋ. ಮಾತು ಮುಗಿದ ಮೇಲೆ ಚೀಟಿ ಫೋನಿಗೇ ಬರುತ್ತದೆ, ಮೆಡಿಕಲ್ ಶಾಪ್‌ನಲ್ಲಿ ಅದನ್ನೇ ತೋರಿಸುತ್ತೇನೆ.

ನನಗೆ ಇದರ ಮೇಲೆ ನಂಬಿಕೆ ಬಂದ ದಿನ ಚೆನ್ನಾಗಿ ನೆನಪಿದೆ. ಅತ್ತೆಯವರ ಪಾದ ಊದಿಕೊಂಡಿತ್ತು. ಡಾಕ್ಟರಮ್ಮ ಫೋನ್ ಕೆಳಗಿಳಿಸಿ ಪಾದ ತೋರಿಸಲು ಹೇಳಿದರು. ಆಮೇಲೆ ನನಗೆ, "ಹೆಬ್ಬೆರಳಿಂದ ಪಾದದ ಗಂಟಿನ ಮೇಲೆ ಒತ್ತಿ ಹಿಡಿಯಿರಿ, ನಾನು ಹೇಳಿದಾಗ ಬಿಡಿ" ಅಂದರು. ಬಿಟ್ಟೆ. ಚರ್ಮದಲ್ಲಿ ಸಣ್ಣ ಗುಂಡಿ ಹಾಗೇ ಉಳಿಯಿತು. "ಇನ್ನೊಂದು ಕಾಲು?" ಅಲ್ಲೂ ಅದೇ. ಉಬ್ಬಸ ಬರುತ್ತಾ, ರಾತ್ರಿ ಎಷ್ಟು ದಿಂಬು ಇಟ್ಟು ಮಲಗುತ್ತಾರೆ, ಮಾತ್ರೆಯ ಹೆಸರೇನು, ಒಂದೊಂದಾಗಿ ಕೇಳಿದರು. ಮಾತ್ರೆ ಆಮ್ಲೋಡಿಪಿನ್. ಅದರಿಂದ ಕೆಲವರಿಗೆ ಕಾಲು ಊದುವುದುಂಟು ಅಂತ ತಿಳಿಸಿ, ಬೇರೆ ಮಾತ್ರೆ ಬರೆದರು. ರಕ್ತ, ಮೂತ್ರ ಪರೀಕ್ಷೆ ಮಾತ್ರ ತಪ್ಪಿಸಬೇಡಿ ಅಂದರು. ಎರಡು ವಾರದಲ್ಲಿ ಊತ ಇಳಿಯಿತು. ಅವತ್ತು ಡಾಕ್ಟರ ಕಣ್ಣು ಅಲ್ಲಿತ್ತು, ಕೈ ನನ್ನದು. ಪಕ್ಕದಲ್ಲಿ ಯಾರೂ ಇಲ್ಲದೆ ಅತ್ತೆಯವರೊಬ್ಬರೇ ಫೋನ್ ಹಿಡಿದು ಕೂತಿದ್ದರೆ ಇದು ಆಗುತ್ತಿರಲಿಲ್ಲ. ಒಬ್ಬರೇ ಇರುವ ಹಿರಿಯರಿಗೆ ಆ್ಯಪ್ ಹಾಕಿಕೊಟ್ಟರೆ ಸಾಲದು. ಹತ್ತಿರ ಕೂರುವವರು ಒಬ್ಬರು ಬೇಕು.

ಪ್ರತಿ ಸಲ ಅದೇ ಡಾಕ್ಟರು ಸಿಗುತ್ತಾರೆ ಅಂತಿಲ್ಲ. ಅದಕ್ಕೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಬಿಪಿ, ಶುಗರ್, ಮಾತ್ರೆ ಹೆಸರು, ಯಾವಾಗ ಬದಲಾಯಿತು, ಎಲ್ಲ ತಾರೀಖಿನ ಜೊತೆ. ಕ್ಯಾಮೆರಾ ಮುಂದೆ ಹಿಡಿದರೆ ಅರ್ಧ ಮಾತು ಆಡುವುದೇ ಬೇಡ.

ಪಕ್ಕದ ಮನೆಯ ಅಕ್ಕ ನಿದ್ರೆ ಮಾತ್ರೆ ಕೇಳಿದಾಗ ಡಾಕ್ಟರು ಬರೆಯಲಿಲ್ಲ. ಅವರಿಗೆ ಬೇಜಾರಾಯಿತು. ಆದರೆ 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲೇ ಔಷಧಿಗಳ ಪಟ್ಟಿಗಳಿವೆ. ಚಟ ಹಿಡಿಸುವಂಥವನ್ನು ಫೋನಿನಲ್ಲಿ ಬರೆಯದ ಹಾಗೆ ತಡೆ ಇಟ್ಟಿದ್ದಾರೆ. ನನಗೆ ಇದು ಸರಿ ಅನ್ನಿಸುತ್ತದೆ.

2021ರ ಮೇನಲ್ಲಿ ನಮ್ಮ ಮನೆಯವರಿಗೆ ಕೊರೊನಾ ಪಾಸಿಟಿವ್ ಬಂತು. ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ ಆಕ್ಸಿಜನ್ ಮಟ್ಟ 96 ಇತ್ತು. ಡಾಕ್ಟರು ಕೋಣೆಯೊಳಗೇ ಆರು ನಿಮಿಷ ನಡೆದು ಮತ್ತೆ ನೋಡಲು ಹೇಳಿದರು. ನಡೆದರು, 92ಕ್ಕೆ ಇಳಿಯಿತು. "ಇನ್ನು ನನ್ನ ಹತ್ತಿರ ಮಾತಾಡುತ್ತಾ ಕೂರಬೇಡಿ, ಈಗಲೇ ಆಸ್ಪತ್ರೆಗೆ ಹೊರಡಿ" ಅಂದರು. ಹೊರಟೆವು. ಒಂಬತ್ತು ದಿನ ಆಕ್ಸಿಜನ್ ಕೊಟ್ಟರು, ಗುಣವಾಗಿ ಬಂದರು. ಆ ಡಾಕ್ಟರಿಗೆ ಈಗಲೂ ಕೈ ಮುಗಿಯುತ್ತೇನೆ.

ಮಗಳು ಆಗ ಎಂಬಿಬಿಎಸ್ ಎರಡನೇ ವರ್ಷ. ಕಾಲೇಜು ಮುಚ್ಚಿ ಮನೆಯಲ್ಲಿದ್ದಳು. ಒಳಗೆ ನೆಟ್‌ವರ್ಕ್ ಇಲ್ಲ, ತೋಟದ ಮೇಲಿನ ದಿಬ್ಬದಲ್ಲಿ ಟಾರ್ಪಾಲ್ ಕಟ್ಟಿ ಕ್ಲಾಸ್ ಕೇಳುತ್ತಿದ್ದಳು. ಪಾಠಕ್ಕೇನೂ ತೊಂದರೆ ಇರಲಿಲ್ಲ. ತೊಂದರೆ ಕೈಗೆ. "ಅಮ್ಮ, ಲಿವರ್ ದೊಡ್ಡದಾದರೆ ಅಂಚು ಹೇಗೆ ಸಿಗುತ್ತೆ ಅಂತ ಸ್ಲೈಡ್‌ನಲ್ಲಿ ಬರೆದಿದ್ದಾರೆ, ನನ್ನ ಬೆರಳಿಗೆ ಗೊತ್ತಿಲ್ವಲ್ಲ" ಅನ್ನುತ್ತಿದ್ದಳು. ಅಜ್ಜಿಯ ನಾಡಿ, ಎದೆಬಡಿತ, ಕೊನೆಗೆ ನಮ್ಮ ತೋಟದ ಕೆಲಸದವರ ಬಿಪಿ ನೋಡಿ ಅಭ್ಯಾಸ ಮಾಡಿದಳು. ಅಜ್ಜಿಯ ವಿಡಿಯೋ ಒಪಿಡಿಗೆ ಪಕ್ಕದಲ್ಲೇ ಕೂತು, ಡಾಕ್ಟರು ಯಾವ ಪ್ರಶ್ನೆ ಯಾವಾಗ ಕೇಳುತ್ತಾರೆ ಅಂತ ಬರೆದುಕೊಳ್ಳುತ್ತಿದ್ದಳು. ರೋಗಿಯ ಮಾತು ಕೇಳುವುದನ್ನು ಅಲ್ಲೇ ಹೆಚ್ಚು ಕಲಿತೆ ಅಂತಾಳೆ. ಮುಟ್ಟಿ ನೋಡುವುದನ್ನು ವಾರ್ಡ್‌ಗೆ ಹೋದ ಮೇಲೇ ಕಲಿತದ್ದು.

ನಮ್ಮ ಕಡೆ ದೊಡ್ಡ ಅಡ್ಡಿ ಕರೆಂಟು, ಸಿಗ್ನಲ್ಲು. ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಟವರ್ ಕೂಡ ಹೋಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಿಗ್ಗೆಯೇ ಟೋಕನ್ ತೆಗೆದುಕೊಳ್ಳುತ್ತೇನೆ, ಫೋನ್ ಪೂರ್ತಿ ಚಾರ್ಜ್ ಮಾಡಿ. ನಡುವೆ ಒಂದು ಖಾಸಗಿ ಆ್ಯಪ್ ಕೂಡ ನೋಡಿದೆ. ಐನೂರು ರೂಪಾಯಿ ಕಟ್ಟಿಸಿಕೊಂಡು ಎರಡು ನಿಮಿಷದಲ್ಲಿ ಮಾತು ಮುಗಿಸಿದರು, ಮಾತ್ರೆ ಹೆಸರೂ ಕೇಳಲಿಲ್ಲ. ಮತ್ತೆ ಅದರ ತಂಟೆಗೆ ಹೋಗಿಲ್ಲ.

ಬಿಪಿ, ಶುಗರ್, ಚರ್ಮದ ತುರಿಕೆ, ರಿಪೋರ್ಟ್ ತೋರಿಸುವುದು, ಇಂಥವಕ್ಕೆ ಧೈರ್ಯವಾಗಿ ಬಳಸಿ. ಹೊಟ್ಟೆನೋವು ಅಂದರೆ ನಾನು ನೇರ ಮೂಡಿಗೆರೆಗೇ ಹೋಗುತ್ತೇನೆ, ಹೊಟ್ಟೆಯನ್ನು ಡಾಕ್ಟರು ಮುಟ್ಟಿಯೇ ನೋಡಬೇಕು. ಎದೆನೋವಿಗಂತೂ ಟೋಕನ್ ತೆಗೆಯುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.