ತಾರೀಖಿನ ದಾಳವೋ, ಸೋಮಾ ಘನವೋ?

ಬೇಸಿಗೆ ರಜೆಗೆ ಮಕ್ಕಳಿಗೆ ಯಾವ ಒಗಟು ಕೊಡೋಣ ಅಂತ ತುಮಕೂರಿನ ಗೆಳೆಯರು ಕೇಳುತ್ತಿರುತ್ತಾರೆ. ತಾರೀಖಿನ ದಾಳದಿಂದಲೇ ಶುರು ಮಾಡಿ ಅನ್ನುತ್ತೇನೆ.

ಎರಡು ದಾಳಗಳ ಪ್ರತಿ ಮುಖಕ್ಕೂ ಒಂದೊಂದು ಅಂಕಿ ಬರೆದು, 01ರಿಂದ 31ರವರೆಗೆ ಎಲ್ಲ ತಾರೀಖೂ ತೋರಿಸಬೇಕು. 11, 22 ಬರಬೇಕಾದರೆ 1 ಮತ್ತು 2 ಎರಡರಲ್ಲೂ ಇರಲೇಬೇಕು. 0 ಜೊತೆ ಒಂಬತ್ತು ಅಂಕಿಗಳೂ ಕೂಡಬೇಕು, ಒಂದು ದಾಳಕ್ಕಿರುವುದು ಆರೇ ಮುಖ. ಹಾಗಾಗಿ 0 ಕೂಡ ಎರಡರಲ್ಲೂ ಬೇಕು. ಈಗ ಉಳಿದದ್ದು ಆರು ಮುಖ, ಅಂಕಿಗಳು ಮಾತ್ರ ಏಳು! ಇಲ್ಲಿ ಮಕ್ಕಳು ಸುಮ್ನೆ ಕೂತುಬಿಡುತ್ತಾರೆ. ಆಮೇಲೆ ಯಾರೋ ಒಬ್ಬರು 6 ಅನ್ನು ತಲೆಕೆಳಗು ಮಾಡಿ 9 ಮಾಡುತ್ತಾರೆ. ಕನ್ನಡದ ೬ ತಿರುಗಿಸಿದರೆ ೯ ಆಗುವುದಿಲ್ಲ, ಅದನ್ನೂ ಬರೆಸಿ ನೋಡಿ. ಬೇಕಾಗಿರುವುದು ಬಡಗಿ ಕತ್ತರಿಸಿಕೊಟ್ಟ ಎರಡು ಮರದ ತುಂಡು, ಒಂದು ಸ್ಕೆಚ್ ಪೆನ್, ಅಷ್ಟೇ.

ಡೆನ್ಮಾರ್ಕಿನ ಪೀಟ್ ಹೈನ್ ರೂಪಿಸಿದ ಸೋಮಾ ಘನ ಬೇರೆ ಥರ. ಪುಟ್ಟ ಘನಗಳನ್ನು ಅಂಟಿಸಿ ಮಾಡಿದ ಏಳು ತುಂಡು, ಒಟ್ಟು 27 ಪುಟ್ಟ ಘನಗಳು. ಎಲ್ಲ ತುಂಡೂ ಸೇರಿಸಿ 3×3×3ರ ಒಂದು ದೊಡ್ಡ ಘನ ಮಾಡಬೇಕು. ಜೋಡಿಸಲು 240 ದಾರಿಗಳಿವೆ. ತರ್ಕಕ್ಕಿಂತ ಕೈ, ಕಣ್ಣಿನ ಕೆಲಸ ಜಾಸ್ತಿ, ಕೈ ಸುಮ್ಮನಿರದ ಮಗುವಿಗೆ ಇದೇ ಸರಿ. ತುಂಡುಗಳಿಗೆ ನಂಬರ್ ಹಾಕಿದರೆ ಜೋಡಿಸಿದ್ದನ್ನು ಬರೆದಿಡಬಹುದು. ಮೂರು ತುಂಡು ಚಪ್ಪಟೆಯಾಗಿ ಕೂರುವುದಿಲ್ಲ. ಮೊದಲು ಅವನ್ನೇ ಇಡಿ. ಮೂರು ಘನದ ಚಿಕ್ಕದನ್ನು ಕೊನೆಗೆ ಉಳಿಸಿಕೊಳ್ಳಿ.